ಹಕ್ಕಲು, ದಶಮಾಂಶ ಮತ್ತು ಅಲಬಾಮದ ತೆರಿಗೆ

ತೆರಿಗೆಯ ಬಗ್ಗೆ ಕ್ರೈಸ್ತ ಧರ್ಮ ಏನು ಹೇಳುತ್ತದೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಸಾಮಾನ್ಯವಾಗಿ ಕೈಸರನ ನಾಣ್ಯದ ಪ್ರಸಂಗಕ್ಕೆ ಬಂದು ನಿಲ್ಲುತ್ತದೆ. ರೋಮಿನ ಚಕ್ರವರ್ತಿಗೆ ತೆರಿಗೆ ಕೊಡುವುದು ಸರಿಯೇ ಎಂದು ಕೇಳಿದವರಿಗೆ, ಕೈಸರನದನ್ನು ಕೈಸರನಿಗೆ ಕೊಡಿ ಎಂದು ಯೇಸು ಕೊಟ್ಟ ಉತ್ತರವನ್ನು ಹಿಡಿದು, ಪ್ರಜೆಯಾದವನು ತೆರಿಗೆ ಸಲ್ಲಿಸತಕ್ಕದ್ದು ಎಂಬಷ್ಟನ್ನೇ ಹಲವರು ನಿರ್ಣಯವಾಗಿ ಸ್ವೀಕರಿಸಿದ್ದಾರೆ. ಆದರೆ ಕೊಡಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ. ಯಾರಿಂದ ಎಷ್ಟು ಪಡೆಯುವುದು ನ್ಯಾಯ ಎಂಬುದು ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ. ಈ ಎರಡನೆಯದನ್ನು ಬೈಬಲ್ಲಿನ ಬೆಳಕಿನಲ್ಲಿ ಒಂದು ಇಡೀ ರಾಜ್ಯವೇ ಬಹಿರಂಗವಾಗಿ ಚರ್ಚಿಸಿ, ಕೊನೆಗೆ ಮತಪೆಟ್ಟಿಗೆಯಲ್ಲಿ ತೀರ್ಮಾನಿಸಿದ ಅಪರೂಪದ ಸಂದರ್ಭ 2003ರಲ್ಲಿ ಅಮೆರಿಕದ ದಕ್ಷಿಣ ಭಾಗದ ಅಲಬಾಮದಲ್ಲಿ ಒದಗಿತು.

ಆ ಚರ್ಚೆಯ ಬೇರುಗಳು ಹಳೆಯ ಒಡಂಬಡಿಕೆಯಲ್ಲಿವೆ. ಹೊಲ ಕೊಯ್ಯುವಾಗ ಅಂಚಿನ ತೆನೆಗಳನ್ನು ಬಿಡಬೇಕು, ಬಿದ್ದ ತೆನೆಗಳನ್ನು ಆರಿಸಬಾರದು, ಆ ಹಕ್ಕಲು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡ ವಿಧಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಹಕ್ಕಲು ಹೊಲದೊಡೆಯನ ಔದಾರ್ಯವಲ್ಲ, ಬಡವನಿಗೆ ಸಲ್ಲತಕ್ಕ ಪಾಲು ಎಂಬ ಅಂಶ. ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ ಆಗಬೇಕೆಂಬ ಧರ್ಮೋಪದೇಶಕಾಂಡದ ನಿಯಮ, ಐವತ್ತನೆಯ ವರ್ಷದಲ್ಲಿ ಮಾರಿಹೋದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕೆಂಬ ಜೂಬಿಲಿಯ ನಿಯಮ ಇವೂ ಅದೇ ಬಗೆಯವು; ಸಂಪತ್ತು ಕೆಲವರ ಕೈಯಲ್ಲೇ ಶಾಶ್ವತವಾಗಿ ನಿಂತುಬಿಡದಂತೆ ಕಾನೂನಿನ ಮೂಲಕವೇ ತಡೆಯುವ ಏರ್ಪಾಡುಗಳು. ಬಡವರಿಂದ ಧಾನ್ಯವನ್ನು ಸುಂಕವಾಗಿ ಕಿತ್ತುಕೊಂಡು ಕೆತ್ತಿದ ಕಲ್ಲಿನ ಮನೆ ಕಟ್ಟಿಕೊಂಡವರನ್ನು ಪ್ರವಾದಿ ಆಮೋಸನು ಖಂಡಿಸಿದ್ದು ಈ ಹಿನ್ನೆಲೆಯಲ್ಲಿ.

ಇದಕ್ಕೆ ಪ್ರತಿಯಾಗಿ ಎಲ್ಲರಿಗೂ ಒಂದೇ ದರದ ತೆರಿಗೆ ಇರಬೇಕೆನ್ನುವವರು ದಶಮಾಂಶವನ್ನು, ಅಂದರೆ ಹತ್ತರಲ್ಲೊಂದು ಪಾಲನ್ನು ಅರ್ಪಿಸುವ ವಿಧಿಯನ್ನು, ಆಧಾರವಾಗಿ ತರುತ್ತಾರೆ. ಆರಾಧನೆಯ ಗುಡಾರದ ಸೇವೆಗಾಗಿ ಕೊಡುವ ಅರ್ಧ ಶೆಕೆಲಿನ ಕಾಣಿಕೆಯಲ್ಲಿ ಧನವಂತನು ಹೆಚ್ಚು ಕೊಡಬಾರದು, ಬಡವನು ಕಡಿಮೆ ಕೊಡಬಾರದು ಎಂದು ವಿಮೋಚನಕಾಂಡ ಹೇಳುವುದೂ ನಿಜ. ಆದರೆ ದಶಮಾಂಶ ಬೆಳೆ ಮತ್ತು ಹಿಂಡಿನ ಮೇಲಿನದಾದ್ದರಿಂದ ಹೊಲವೂ ಹಿಂಡೂ ಇಲ್ಲದವನಿಗೆ ಅದು ತಾನಾಗಿಯೇ ತಟ್ಟುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಅದು ಲೇವಿಯರು, ಪರದೇಶಿಗಳು, ಅನಾಥರು ಮತ್ತು ವಿಧವೆಯರ ಊಟಕ್ಕೆ ಸಲ್ಲುತ್ತಿತ್ತು. ದೋಷಪರಿಹಾರದ ಬಲಿಯಲ್ಲಂತೂ ಕುರಿ ತರಲಾರದವನು ಎರಡು ಪಾರಿವಾಳಗಳನ್ನು, ಅದೂ ಆಗದವನು ಒಂದಿಷ್ಟು ಹಿಟ್ಟನ್ನು ತರಬಹುದೆಂದು ಯಾಜಕಕಾಂಡ ಶಕ್ತಿಗೆ ತಕ್ಕ ಮೆಟ್ಟಿಲುಗಳನ್ನೇ ಇಟ್ಟಿದೆ. ಒಂದೆರಡು ವಿಧಿಗಳನ್ನು ಬಿಡಿಸಿ ತೆಗೆಯದೆ ಒಟ್ಟಾಗಿ ಓದಿದಾಗ, ಬೈಬಲ್ಲಿನ ಒಲವು ಏಕರೂಪದ ದರಕ್ಕಿಂತ ಹೊರುವವನ ಶಕ್ತಿಯ ಕಡೆಗೇ ಇದೆಯೆಂದು ಹೇಳಬೇಕಾಗುತ್ತದೆ.

ಕ್ರೈಸ್ತ ಸಭೆಯ ಇತಿಹಾಸದಲ್ಲೂ ಈ ಒಲವಿನ ಎಳೆ ಸಿಗುತ್ತದೆ. ನಾಲ್ಕನೆಯ ಶತಮಾನದ ಕೈಸರೈಯದ ಬಿಷಪ್ ಬೆಸಿಲ್, ತೌರ ಪರ್ವತದ ಕಬ್ಬಿಣ ತೆಗೆಯುವ ಬಡ ಜನರ ಮೇಲಿನ ತೆರಿಗೆಯನ್ನು ಇಳಿಸಬೇಕೆಂದು ಉನ್ನತ ಅಧಿಕಾರಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಪೋಪ್ ಇಪ್ಪತ್ತಮೂರನೆಯ ಜಾನ್ 1961ರಲ್ಲಿ ಹೊರಡಿಸಿದ ‘ಮಾತೆರ್ ಎತ್ ಮಜಿಸ್ತ್ರ’ ಎಂಬ ವಿಶ್ವಪತ್ರ, ಅಂದರೆ ಇಡೀ ಕಥೋಲಿಕ ಸಭೆಯನ್ನುದ್ದೇಶಿಸಿದ ಬೋಧನಾಪತ್ರ, ತೆರಿಗೆಯ ಹೊರೆ ಜನರ ಸಾಮರ್ಥ್ಯಕ್ಕೆ ಅನುಗುಣವಾಗಿ ಹಂಚಿಕೆಯಾಗಬೇಕೆಂದು ನೇರವಾಗಿಯೇ ಹೇಳಿತು.

ಅಲಬಾಮದ ವ್ಯವಸ್ಥೆ ಇದಕ್ಕೆ ತದ್ವಿರುದ್ಧವಾಗಿತ್ತು. 1901ರ ಅದರ ಸಂವಿಧಾನವನ್ನು ರಚಿಸಿದ ಸಮಾವೇಶದ ಅಧ್ಯಕ್ಷರು, ಬಿಳಿಯರ ಪ್ರಾಬಲ್ಯವನ್ನು ಕಾನೂನಿನ ಮೂಲಕ ಸ್ಥಾಪಿಸುವುದೇ ಉದ್ದೇಶವೆಂದು ಮುಚ್ಚುಮರೆಯಿಲ್ಲದೆ ಸಾರಿದ್ದರು. ಕಪ್ಪು ಜನರ ಮಕ್ಕಳ ಶಾಲೆಗಳಿಗೆ ತಮ್ಮ ಹಣ ಹೋಗಬಾರದೆಂಬ ಹತ್ತಿ ಜಮೀನ್ದಾರರ ಹಟದಿಂದಾಗಿ ಆಸ್ತಿ ತೆರಿಗೆಗೆ ಸಂವಿಧಾನದಲ್ಲಿಯೇ ಮಿತಿ ಬಿತ್ತು. 1978ರ ಒಂದು ತಿದ್ದುಪಡಿ ಆ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿತು. ಭೂಮಿಯಿಂದ ಬಾರದ ಹಣವನ್ನು ರಾಜ್ಯವು ಮಾರಾಟ ತೆರಿಗೆಯಿಂದ ತುಂಬಿಕೊಂಡಿತು, ಅದೂ ಹಾಲು, ಬ್ರೆಡ್ಡು, ತರಕಾರಿಗಳನ್ನು ಬಿಡದೆ. ಇಂಥ ತೆರಿಗೆಯಲ್ಲಿ ತನ್ನ ದುಡಿಮೆಯ ಹೆಚ್ಚಿನ ಭಾಗವನ್ನು ಊಟಕ್ಕೇ ಖರ್ಚು ಮಾಡುವ ಬಡ ಕುಟುಂಬವು ಆದಾಯದ ದೊಡ್ಡ ಪಾಲನ್ನೂ ಶ್ರೀಮಂತರು ಅತಿ ಸಣ್ಣ ಪಾಲನ್ನೂ ತೆರಬೇಕಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಪ್ರತಿಗಾಮಿ ತೆರಿಗೆ ಎನ್ನುತ್ತಾರೆ.

ಈ ಅನ್ಯಾಯವನ್ನು ಕ್ರೈಸ್ತ ನೀತಿಯ ತಕ್ಕಡಿಯಲ್ಲಿಟ್ಟು ತೂಗಿದವರು ಅಲಬಾಮ ವಿಶ್ವವಿದ್ಯಾಲಯದಲ್ಲಿ ತೆರಿಗೆ ಕಾನೂನು ಬೋಧಿಸುತ್ತಿದ್ದ ಪ್ರಾಧ್ಯಾಪಕಿ ಸೂಸನ್ ಪೇಸ್ ಹ್ಯಾಮಿಲ್. ಬರ್ಮಿಂಗ್‌ಹ್ಯಾಮ್ ನಗರದ ಬೀಸನ್ ದೈವಶಾಸ್ತ್ರ ವಿದ್ಯಾಲಯದಲ್ಲಿ ವಿದ್ಯಾರ್ಥಿನಿಯಾಗಿ ಕುಳಿತು ಅವರು ಬರೆದ ಪ್ರಬಂಧವು 2002ರಲ್ಲಿ ಕಾನೂನು ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಅಂಥ ಬರಹಗಳಿಗೆ ಎಂದೂ ಸಿಗದಷ್ಟು ಓದುಗರನ್ನು ಪಡೆಯಿತು. ನಾಲ್ವರ ಕುಟುಂಬವೊಂದು ವರ್ಷಕ್ಕೆ ಕೇವಲ 4,600 ಡಾಲರ್ ಗಳಿಸಿದರೂ ರಾಜ್ಯದ ಆದಾಯ ತೆರಿಗೆಗೆ ಒಳಪಡುತ್ತಿತ್ತು ಎಂಬುದನ್ನು ಅವರು ಎತ್ತಿ ತೋರಿಸಿದರು. ರಾಜ್ಯದ ನೆಲದಲ್ಲಿ ಶೇ 71ರಷ್ಟು ಮರಮಟ್ಟಿನ ಕಾಡಾಗಿದ್ದರೂ ಅದರ ಒಡೆಯರಿಂದ ಬರುತ್ತಿದ್ದದ್ದು ಒಟ್ಟು ಆಸ್ತಿ ತೆರಿಗೆಯ ಶೇ 2ಕ್ಕಿಂತಲೂ ಕಡಿಮೆ ಎಂಬ ಅವರ ಲೆಕ್ಕ ಅನೇಕರನ್ನು ಬೆಚ್ಚಿಬೀಳಿಸಿತು. ಬಡವರನ್ನು ಹಿಂಡುವುದನ್ನೂ, ಅವರು ಮೇಲೇಳಲು ಬೇಕಾದ ಕನಿಷ್ಠ ಅವಕಾಶವನ್ನು, ಮುಖ್ಯವಾಗಿ ಶಿಕ್ಷಣವನ್ನು, ನಿರಾಕರಿಸುವುದನ್ನೂ ಬೈಬಲ್ ನಿಷೇಧಿಸುತ್ತದೆ; ಅಲಬಾಮದ ತೆರಿಗೆ ಎರಡನ್ನೂ ಮಾಡುತ್ತಿದೆ ಎಂಬುದು ಅವರ ವಾದದ ತಿರುಳು.

2003ರ ಜನವರಿಯಲ್ಲಿ ಗವರ್ನರ್ ಪದವಿಗೇರಿದ ಬಾಬ್ ರೈಲಿ ರಿಪಬ್ಲಿಕನ್ ಪಕ್ಷದವರು, ಸದರ್ನ್ ಬ್ಯಾಪ್ಟಿಸ್ಟ್ ಸಭೆಗೆ ಸೇರಿದವರು, ಅಲ್ಲಿಯವರೆಗೆ ತೆರಿಗೆ ಏರಿಕೆಯನ್ನು ವಿರೋಧಿಸುತ್ತಲೇ ಬಂದಿದ್ದವರು. ಬೊಕ್ಕಸ ಬರಿದಾಗಿದ್ದ ಆ ಹೊತ್ತಿನಲ್ಲಿ ಬಡವರ ಆದಾಯ ತೆರಿಗೆಯನ್ನು ತಗ್ಗಿಸಿ, ಶ್ರೀಮಂತರ ಮತ್ತು ದೊಡ್ಡ ಭೂಮಾಲೀಕರ ಹೊರೆಯನ್ನು ಹೆಚ್ಚಿಸುವ 120 ಕೋಟಿ ಡಾಲರ್‌ಗಳ ಯೋಜನೆಯನ್ನು ಅವರು ಮುಂದಿಟ್ಟರು. ದೇವರನ್ನೂ ನೆರೆಯವರನ್ನೂ ಪ್ರೀತಿಸಬೇಕು, ದುರ್ಬಲರನ್ನು ಕಾಯಬೇಕು ಎಂದು ಹೊಸ ಒಡಂಬಡಿಕೆಯಿಂದ ತಾವು ಕಲಿತದ್ದಾಗಿ ಅವರು ಹೇಳಿಕೊಂಡದ್ದು ಬರಿಯ ಚುನಾವಣೆಯ ಮಾತಾಗಿರಲಾರದು. ಆ ಮಾತಿನಿಂದ ಅವರ ಪಕ್ಷದವರಲ್ಲಿಯೇ ಅನೇಕರು ಅವರಿಂದ ದೂರವಾದರು.

ಸಭೆಗಳು ಮಾತ್ರ ಒಂದಾಗಲಿಲ್ಲ. ಮೆಥೊಡಿಸ್ಟ್, ಎಪಿಸ್ಕೋಪಲ್ ಮತ್ತು ಪ್ರೆಸ್ಬಿಟೇರಿಯನ್ ನಾಯಕರಲ್ಲಿ ಹಲವರು ಯೋಜನೆಯನ್ನು ಬೆಂಬಲಿಸಿದರೆ, ಅಲಬಾಮದ ಕ್ರಿಶ್ಚಿಯನ್ ಕೊಅಲಿಷನ್ ಎಂಬ ಪ್ರಬಲ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. ಅದೇ ಸಂಘಟನೆಯ ರಾಷ್ಟ್ರೀಯ ಘಟಕ ಯೋಜನೆಯನ್ನು ಮೆಚ್ಚಿಕೊಂಡಿತ್ತು. ಬಡವರಿಗೆ ನೆರವಾಗುವುದು ಭಕ್ತನ ಸ್ವಂತ ಇಚ್ಛೆಯಿಂದ ಆಗಬೇಕಾದ ಕೆಲಸ, ಸರ್ಕಾರ ಬಲವಂತದಿಂದ ವಸೂಲಿ ಮಾಡಿದ್ದು ದಾನವಾಗಲಾರದು ಎಂಬುದು ವಿರೋಧಿಸಿದ ಕ್ರೈಸ್ತರ ಮುಖ್ಯ ವಾದ. ಬಲವಂತವಾಗಿ ಕೊಡದೆ ಸಂತೋಷದಿಂದ ಕೊಡಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಈ ವಾದಕ್ಕೆ ಸಿಗುವ ಗಟ್ಟಿಯಾದ ಆಧಾರ. ಇದನ್ನು ಹಗುರವಾಗಿ ಕಾಣಲಾಗದು. ಇಚ್ಛೆಯಿಲ್ಲದ ಕೊಡುಗೆಗೆ ಆತ್ಮಿಕ ಬೆಲೆಯಿಲ್ಲ ಎಂಬುದು ಕ್ರೈಸ್ತ ಧರ್ಮದ ಆಳದ ನಂಬಿಕೆಗಳಲ್ಲೊಂದು. ಆದರೆ ಪೌಲನು ಅಲ್ಲಿ ಹೇಳುತ್ತಿರುವುದು ಜೆರುಸಲೇಮಿನ ಬಡ ಭಕ್ತರಿಗಾಗಿ ಕೂಡಿಸುತ್ತಿದ್ದ ಕಾಣಿಕೆಯ ವಿಷಯವನ್ನು. ಕಂದಾಯ ಸಲ್ಲಬೇಕಾದವರಿಗೆ ಕಂದಾಯ ಸಲ್ಲಿಸಬೇಕೆಂದು ಅದೇ ಪೌಲನು ರೋಮಾಪುರದವರಿಗೆ ಬರೆಯುವಾಗ ಬಳಸುವುದು ಋಣದ ಭಾಷೆಯನ್ನೇ ಹೊರತು ದಾನದ ಭಾಷೆಯನ್ನಲ್ಲ. ಅಲ್ಲದೆ ಭಾನುವಾರ ಬಡವರಿಗೆ ದಿನಸಿ ಹಂಚುವ ಸಭೆಯು, ಸೋಮವಾರ ಅದೇ ಬಡವರು ಅಂಗಡಿಯಲ್ಲಿ ಆ ದಿನಸಿಯ ಮೇಲೆ ತೆರುವ ತೆರಿಗೆಯ ಬಗ್ಗೆ ಮೌನವಾಗಿರುವುದಾದರೆ, ಆ ದಾನವೂ ಅರ್ಧಕ್ಕೇ ನಿಂತಂತಾಗುತ್ತದೆ.

2003ರ ಸೆಪ್ಟೆಂಬರ್ 9ರಂದು ಮತದಾರರು ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಬಹುಮತದಿಂದ ಯೋಜನೆಯನ್ನು ತಿರಸ್ಕರಿಸಿದರು. ಯೋಜನೆಯಿಂದ ತೆರಿಗೆ ಇಳಿಯಬೇಕಿದ್ದ ಕುಟುಂಬಗಳಲ್ಲೂ ಅನೇಕರು ವಿರುದ್ಧವಾಗಿಯೇ ಮತ ಹಾಕಿದರು. ಇದನ್ನು ಬಡವರ ಅಜ್ಞಾನವೆಂದು ಕರೆಯುವುದು ಅನ್ಯಾಯ. ತಲೆಮಾರುಗಳಿಂದ ತೆರಿಗೆ ಕಟ್ಟಿಯೂ ಒಳ್ಳೆಯ ಶಾಲೆಯನ್ನು ಕಾಣದವರು ಹಣ ಈ ಸಲವಾದರೂ ಸರಿಯಾದ ಜಾಗಕ್ಕೆ ಹೋದೀತೆಂದು ನಂಬುವುದು ಸುಲಭವಲ್ಲ. ಆರ್ಥಿಕ ನ್ಯಾಯದ ಬಗ್ಗೆ ಬೋಧಿಸುವ ಸಭೆಗಳು ವಸೂಲಿಯ ರೀತಿಯಷ್ಟೇ ಗಂಭೀರವಾಗಿ ವೆಚ್ಚದ ಪ್ರಾಮಾಣಿಕತೆಯನ್ನೂ ಕೇಳಬೇಕಾಗಿತ್ತು ಎಂಬುದು ಆ ಸೋಲಿನಲ್ಲಿ ಕಾಣುವ ಕೊರತೆ.

ಆದರೂ ಚರ್ಚೆ ವ್ಯರ್ಥವಾಗಲಿಲ್ಲ. 2006ರಲ್ಲಿ ರೈಲಿಯವರ ಅವಧಿಯಲ್ಲಿಯೇ ನಾಲ್ವರ ಕುಟುಂಬದ ಆದಾಯ ತೆರಿಗೆಯ ಕೆಳಮಿತಿ 4,600ರಿಂದ ಸುಮಾರು 12,500 ಡಾಲರ್‌ಗೆ ಏರಿತು. 1988ರಲ್ಲಿ ಹುಟ್ಟಿದ, ಅನೇಕ ಸಭೆಗಳನ್ನು ಒಳಗೊಂಡ ‘ಅಲಬಾಮ ಅರೈಸ್’ ಎಂಬ ಒಕ್ಕೂಟ ಆಹಾರದ ಮೇಲಿನ ತೆರಿಗೆಯ ವಿರುದ್ಧ ವರ್ಷಗಟ್ಟಲೆ ನಡೆಸಿದ ಹೋರಾಟಕ್ಕೆ ಫಲವಾಗಿ, ರಾಜ್ಯವು ದಿನಸಿಯ ಮೇಲೆ ಹಾಕುತ್ತಿದ್ದ ಶೇ 4ರ ತೆರಿಗೆ 2023ರಲ್ಲಿ ಶೇ 3ಕ್ಕೂ 2025ರಲ್ಲಿ ಶೇ 2ಕ್ಕೂ ಇಳಿಯಿತು. ನಗರಗಳೂ ಕೌಂಟಿಗಳೂ ತಮ್ಮ ಪಾಲಿನ ತೆರಿಗೆಯನ್ನು ಬೇರೆಯಾಗಿ ಹಾಕುತ್ತಲೇ ಇವೆ. ಹ್ಯಾಮಿಲ್ ಅವರ ಪ್ರಬಂಧ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ ಆಸ್ತಿ ತೆರಿಗೆಯ ಮಿತಿಗಳು ಮಾತ್ರ ಸಂವಿಧಾನದೊಳಗೇ ಭದ್ರವಾಗಿ ಉಳಿದಿದ್ದು, ಅವುಗಳನ್ನು ಮುಟ್ಟಲು ಮತ್ತೊಮ್ಮೆ ಜನರ ಮುಂದೆ ಹೋಗಿ ಮತ ಕೇಳಲೇಬೇಕಾಗುತ್ತದೆ.