ಸಂಜೆಯ ಕೂಲಿ ಮತ್ತು ನಮ್ಮ ವಿಶ್ವಾಸ



ಕನ್ನಡದಲ್ಲಿ 'ವಿಶ್ವಾಸ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ನಾವು ದೇವರಲ್ಲಿ ಇಡುವ ಭರವಸೆ ಒಂದು. ನೆರೆಯವರು ನಮ್ಮಲ್ಲಿ ಇಡುವ ನಂಬಿಕೆ ಇನ್ನೊಂದು. ದೇವಾಲಯದಲ್ಲಿ ವಿಶ್ವಾಸಪ್ರಮಾಣವನ್ನು ಹೇಳುವಾಗ ಮೊದಲನೆಯದು ನೆನಪಿರುತ್ತದೆ, ಎರಡನೆಯದು ಮರೆತುಹೋಗುತ್ತದೆ. ಆದರೆ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹಣಕಾಸಿನ ಸಣ್ಣ ವ್ಯವಹಾರವನ್ನೇ ನಂಬಿಗಸ್ತಿಕೆಯ ಪರೀಕ್ಷೆಯಾಗಿ ನಮ್ಮ ಮುಂದಿಡುತ್ತಾರೆ.

ಈ ಎರಡನೆಯ ಅರ್ಥವನ್ನು ತಿಳಿಯಲು ಗದಗ ಸೀಮೆಯ ಒಂದು ಸಂಗತಿ ಸಹಾಯಕವಾಗಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. 1904ರ ಕಾಯ್ದೆಯ ಪ್ರಕಾರ ಇಂತಹ ಗ್ರಾಮ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಸಂಘದ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬ ಮಾತಿಗೆ ತಪ್ಪಿದರೆ ಅದರ ಭಾರ ನೆರೆಯವನ ಹೊಲಮನೆಯ ಮೇಲೂ ಬೀಳಬಹುದಿತ್ತು. ಹೀಗಾಗಿ ಆಡಿದ ಮಾತನ್ನು ಉಳಿಸಿಕೊಳ್ಳುವವನೇ ಅಲ್ಲಿ ವಿಶ್ವಾಸಿ.

ಈ ಪದ್ಧತಿಯ ಬೇರು ಜರ್ಮನಿಯಲ್ಲಿತ್ತು. ಅಲ್ಲಿ ಗ್ರಾಮಾಧಿಕಾರಿಯಾಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ (1818-1888) ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತರು, ಬಡ್ಡಿಯ ಹಿಡಿತದಲ್ಲಿದ್ದ ರೈತರಿಗಾಗಿ ಗ್ರಾಮೀಣ ಸಾಲ ಸಂಘಗಳನ್ನು ಕಟ್ಟಿದರು. ಪರಪ್ರೀತಿಯೇ ಅದಕ್ಕೆ ಆಧಾರವೆಂದು ಅವರು ತಿಳಿದಿದ್ದರು. ಕಣಗಿನಹಾಳದ ಸಂಘವು ಯಾವುದೇ ಮತದ ಸಂಘವಾಗಿರಲಿಲ್ಲ. ಆದರೂ ಶುಭಸಂದೇಶ ಕೇಳುವ ನಂಬಿಗಸ್ತಿಕೆ ಲೆಕ್ಕದ ಪುಸ್ತಕದಲ್ಲಿ ಹೇಗಿರುತ್ತದೆ ಎಂಬುದನ್ನು ಅದು ನಮಗೆ ತೋರಿಸುತ್ತದೆ.

ಈ ಸೀಮೆಯ ಜನರು ನಮಗೆ ದೂರದವರಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಜೋಳ, ಶೇಂಗಾ, ಹತ್ತಿ, ಈರುಳ್ಳಿ ಬೆಳೆದವರೇ ಕೂಲಿ ಅರಸಿ ಘಟ್ಟ ಇಳಿದು ಕರಾವಳಿಗೆ ಬರುತ್ತಾರೆ. ನಮ್ಮ ಮನೆಗಳ ಪಾಯ, ನಮ್ಮ ಅಂಗಳದ ಇಂಟರ್‌ಲಾಕ್, ಕೆಲವೆಡೆ ನಮ್ಮ ದೇವಾಲಯಗಳ ಗೋಡೆಯಲ್ಲಿಯೂ ಬಯಲುಸೀಮೆಯವರ ಬೆವರಿದೆ. ಬೆಳಿಗ್ಗೆ ಪೇಟೆಯ ಸರ್ಕಲ್ಲಿನಲ್ಲಿ ಬುತ್ತಿ ಹಿಡಿದು ನಿಂತವರನ್ನು ಕಂಡಾಗ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಕೂಲಿಯಾಳುಗಳು ನೆನಪಾಗಬೇಕು.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಕೂಲಿಯವನ ಸಂಬಳವನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೇ ಅಧ್ಯಾಯ ವಿಧಿಸುತ್ತದೆ. ತಡೆಹಿಡಿದ ಕೂಲಿಯನ್ನು ಸಂತ ಯಕೋಬರ ಪತ್ರದ 5ನೇ ಅಧ್ಯಾಯ ಖಂಡಿಸುತ್ತದೆ. ಕೂಲಿಕಾರನಿಗೆ ಮಾಡುವ ಅನ್ಯಾಯವನ್ನು ಕಥೋಲಿಕ ಧರ್ಮೋಪದೇಶ ಗ್ರಂಥವು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಸೇರಿಸಿದೆ (ಪರಿಚ್ಛೇದ 1867). ನಾಡಿನ ಕಾನೂನೂ ಇದನ್ನೇ ಹೇಳುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಪಾಳಿ ಮುಗಿದಾಗಲೇ ಕೊಡಬೇಕು; ವಾರದ ಬಟವಾಡೆಯನ್ನು ವಾರದ ರಜೆಗೆ ಮೊದಲೇ ಮಾಡಬೇಕು.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಕೆಲಸ ಹಿಡಿಯುವ ಮೊದಲೇ ಕೂಲಿ ಎಷ್ಟೆಂದು ಹೇಳೋಣ. ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಇರಲಿ.

ಎರಡನೆಯದಾಗಿ, ಮೇಸ್ತ್ರಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಿತೆಂದು ತಿಳಿಯಬಾರದು. ಅದು ದುಡಿದವರ ಕೈ ಸೇರಿತೇ ಎಂದು ಕೇಳೋಣ. ಮುಂಗಡ ಕೊಟ್ಟಿದ್ದರೆ ಬರೆದಿಟ್ಟು, ಅವರಿಗೆ ಓದಿ ಹೇಳೋಣ.

ಮೂರನೆಯದಾಗಿ, ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60 ವರ್ಷದ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಪತ್ರ ಕೊಡಬೇಕು. ಅಪಘಾತ ಪರಿಹಾರ, ಪಿಂಚಣಿ, ಮಕ್ಕಳ ಓದಿನ ನೆರವು ಈ ನೋಂದಣಿಯನ್ನೇ ಅವಲಂಬಿಸಿವೆ. ದುಡಿಸಿಕೊಂಡವರು ಸಹಿ ಹಾಕಲು ಹಿಂಜರಿದರೆ ಒಂದು ಕುಟುಂಬ ಇವೆಲ್ಲವನ್ನೂ ಕಳೆದುಕೊಳ್ಳುತ್ತದೆ. ಧರ್ಮಕೇಂದ್ರದ ಪಾಲನಾ ಸಮಿತಿಗಳು ಇದರಲ್ಲಿ ನೆರವಾಗಬಹುದು.

ಕೊನೆಯದಾಗಿ, ಅವರಲ್ಲಿ ಕಥೋಲಿಕರಿದ್ದರೆ ಭಾನುವಾರದ ಪೂಜೆಗೆ ಪ್ರೀತಿಯಿಂದ ಕರೆಯೋಣ. ಆದರೆ ನ್ಯಾಯಕ್ಕೆ ಮತಭೇದ ಬೇಡ.

ನಾಳೆ ಊರಿಗೆ ಮರಳಿದಾಗ ಅವರು ನಮ್ಮ ಪ್ರಾರ್ಥನೆಗಳ ಬಗ್ಗೆ ಮಾತನಾಡಲಿಕ್ಕಿಲ್ಲ. 'ಆ ಮನೆಯವರು ಮಾತಿಗೆ ತಪ್ಪಲಿಲ್ಲರೀ' ಎಂದರೆ ಸಾಕು. ಅದು ನಮ್ಮ ವಿಶ್ವಾಸಕ್ಕೆ ಸಲ್ಲುವ ಒಳ್ಳೆಯ ಸಾಕ್ಷಿ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ.