ದಾರಿ ತೋರುವ ಪೆಟ್ಟಿಗೆಗೆ ದುಡ್ಡು ಕೊಡಬೇಕೆ?

ಹೋದ ವರ್ಷ ದಸರಾ ರಜೆಗೆ ಸೋದರಮಾವನ ಕಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆ. ಕಾರು 2019ರದು. ಕೊಳ್ಳುವಾಗ ಮಾವ ಹೆಚ್ಚು ದುಡ್ಡು ತೆತ್ತು, ದಾರಿ ತೋರುವ ನಕ್ಷೆಯನ್ನು ಒಳಗೇ ಅಳವಡಿಸಿದ್ದ ಮೇಲ್ದರ್ಜೆಯ ಮಾದರಿಯನ್ನೇ ಆರಿಸಿದ್ದರು. ಬಿಡದಿಯ ಹತ್ತಿರ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಟದ್ದೇ ತಡ, ಪರದೆಯ ಮೇಲಿನ ಪುಟ್ಟ ಬಾಣ ರಸ್ತೆ ಬಿಟ್ಟು ಹಸಿರು ಬಯಲಿಗೆ ಇಳಿಯಿತು. ‘ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ’ ಎಂದು ಪೆಟ್ಟಿಗೆಯೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಅಂಗಲಾಚತೊಡಗಿದಳು. ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಮದ್ದೂರನ್ನೂ ದಾಟಿದೆವು. ಅವಳ ಲೆಕ್ಕದಲ್ಲಿ ನಾವು ಗದ್ದೆ, ತೋಟಗಳ ಮೇಲೆ ಹಾರುತ್ತಿದ್ದೆವು. ‘ರೀ, ಮೊದಲು ಅವಳನ್ನು ಸುಮ್ಮನಿರಿಸಿ’ ಎಂದರು ಹಿಂದಿನ ಸೀಟಿನಲ್ಲಿದ್ದ ಅತ್ತೆ.

ಆ ಹೆಂಗಸಿನದೇನೂ ತಪ್ಪಿರಲಿಲ್ಲ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಪೆಟ್ಟಿಗೆಯೊಳಗಿದ್ದ ನಕ್ಷೆ ಅದಕ್ಕಿಂತ ಹಳೆಯದು. ಹೊಸ ನಕ್ಷೆ ಹಾಕಿಸಲು ಬೇರೆ ಹಣ ತೆರಬೇಕೆಂದು ಗೊತ್ತಾದಾಗ ಮಾವ ಅದರ ಗೊಡವೆಯನ್ನೇ ಬಿಟ್ಟಿದ್ದರು.

ಈಗ ಅವರಿಗೆ ಕಾರು ಬದಲಿಸುವ ಯೋಚನೆ. ‘ಪೇಪರಿನಲ್ಲಿ ಕೆಲಸ ಮಾಡ್ತೀಯಲ್ಲ, ವಿಚಾರಿಸಿ ಹೇಳು. ಈ ಸಲ ನಕ್ಷೆ ಇರೋದನ್ನು ತಗೊಳ್ಳಲಾ, ಬೇಡವಾ?’ ಎಂದು ಕೇಳಿದರು. ಮಧ್ಯಮವರ್ಗದ ಮನೆಯೊಂದು ಹತ್ತು ವರ್ಷಕ್ಕೊಮ್ಮೆ ಮಾಡುವ ಖರ್ಚು ಇದು. ತಪ್ಪಿದರೆ ಹತ್ತು ವರ್ಷ ಕೊರಗಬೇಕು. ಉತ್ತರ ಹುಡುಕಲು ಈ ಪೆಟ್ಟಿಗೆಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಯಿತು.

ಕೆದಕಿದಾಗ ಮೊದಲು ತಿಳಿದದ್ದು ಇದು: ನಾವು ಒಂದು ಪೆಟ್ಟಿಗೆ ಎಂದುಕೊಂಡಿರುವುದರಲ್ಲಿ ಇರುವುದು ಎರಡು ಸರಕು. ‘ನಾವೀಗ ಎಲ್ಲಿದ್ದೇವೆ’ ಎಂದು ಹೇಳುವ ಯಂತ್ರ ಒಂದು. ‘ಅಲ್ಲಿಂದ ರಸ್ತೆ ಎತ್ತ ಹೋಗುತ್ತದೆ’ ಎಂದು ಹೇಳುವ ನಕ್ಷೆ ಇನ್ನೊಂದು. ಯಂತ್ರ ಕಾರಿನಷ್ಟೇ ಕಾಲ ಬಾಳಬಲ್ಲದು. ನಕ್ಷೆಗಾದರೋ ಮನೆಗೆ ತಂದ ದಿನದಿಂದಲೇ ವಯಸ್ಸಾಗತೊಡಗುತ್ತದೆ.

ಉಪಗ್ರಹಕ್ಕೂ ಮುಂಚೆ

ದಾರಿ ತೋರುವ ಕಾರು ಉಪಗ್ರಹಗಳ ಕೂಸು ಎಂಬ ನಂಬಿಕೆ ಸಾಮಾನ್ಯ. ಆದರೆ 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಮಾರುಕಟ್ಟೆಗೆ ತಂದ ‘ಎಲೆಕ್ಟ್ರೋ ಗೈರೋಕೇಟರ್’ ಎಂಬ ಸಾಧನಕ್ಕೂ ಆಕಾಶಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕಾರು ಎಷ್ಟು ತಿರುಗಿತು ಎಂಬುದನ್ನು ಹೀಲಿಯಂ ಅನಿಲ ತುಂಬಿದ ಗೈರೋಸ್ಕೋಪು ಗುರುತಿಸುತ್ತಿತ್ತು. ಎಷ್ಟು ದೂರ ಓಡಿತು ಎಂಬ ಲೆಕ್ಕ ಬೇರೆ ಸಿಗುತ್ತಿತ್ತು. ಇವೆರಡನ್ನೂ ಕೂಡಿಸಿ ಪರದೆಯ ಮೇಲೆ ಬೆಳಕಿನ ಗುರುತೊಂದು ಚಲಿಸುತ್ತಿತ್ತು. ನಕ್ಷೆ ಎಂದರೆ ಪರದೆಯ ಮುಂದೆ ಸಿಕ್ಕಿಸುವ ಪಾರದರ್ಶಕ ಹಾಳೆ. ಹಾಳೆ ಮುಗಿದರೆ ಇನ್ನೊಂದು ಹಾಳೆ!

1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಎಟಾಕ್ ಎಂಬ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪೆಸಿಫಿಕ್ ದ್ವೀಪಗಳ ನಾವಿಕರು ದಿಕ್ಕು ಹಿಡಿಯುವ ವಿಧಾನವೊಂದರ ಹೆಸರು ‘ಎಟಾಕ್’. ತಮ್ಮ ದೋಣಿ ನಿಂತಲ್ಲೇ ನಿಂತಿದೆ, ದ್ವೀಪಗಳೇ ಪಕ್ಕದಲ್ಲಿ ಹಾದುಹೋಗುತ್ತಿವೆ ಎಂದು ಅವರು ಭಾವಿಸುತ್ತಿದ್ದರು. ಈ ಕಂಪನಿಯ ಪರದೆಯ ಮೇಲೂ ಕಾರಿನ ಬಾಣ ನಿಂತಲ್ಲೇ ಇರುತ್ತಿತ್ತು, ಸುತ್ತಲಿನ ನಕ್ಷೆ ತಿರುಗುತ್ತಿತ್ತು. ಇಂದು ನಮ್ಮ ಮೊಬೈಲುಗಳಲ್ಲಿ ಕಾಣುವುದೂ ಅದೇ. ಚಕ್ರಗಳ ಸುತ್ತು ಮತ್ತು ದಿಕ್ಸೂಚಿಯಿಂದ ಸಿಕ್ಕ ಅಂದಾಜು ಸ್ವಲ್ಪ ತಪ್ಪಿದರೆ ಅದನ್ನು ನಕ್ಷೆಯೇ ತಿದ್ದುತ್ತಿತ್ತು. ಕಾರು ಎಡಕ್ಕೆ ತಿರುಗಿತೆಂದರೆ ಅಲ್ಲೊಂದು ರಸ್ತೆ ಇರಲೇಬೇಕಲ್ಲವೆ? ಸುಮಾರು ಒಂದೂವರೆ ಸಾವಿರ ಡಾಲರ್ ಬೆಲೆಯ ಈ ಸಾಧನದ ನಕ್ಷೆಗಳು ಕ್ಯಾಸೆಟ್ಟುಗಳಲ್ಲಿದ್ದವು. ಲಾಸ್ ಏಂಜಲಿಸ್ ನಗರ ಪ್ರದೇಶ ಒಂದಕ್ಕೇ ಹಲವು ಕ್ಯಾಸೆಟ್ಟು ಬೇಕಾಗುತ್ತಿದ್ದವು.

ಆ ಪೆಟ್ಟಿಗೆಗಳು ಇಂದು ಕಾಣಸಿಗುವುದಿಲ್ಲ. ಆದರೆ ಎಟಾಕ್ ಕಂಪನಿ ಕೈಯಿಂದ ಕೈಗೆ ಮಾರಾಟವಾಗಿ 2000ದಲ್ಲಿ ಟೆಲಿ ಅಟ್ಲಾಸ್ ಎಂಬ ನಕ್ಷೆ ಕಂಪನಿಗೆ ಸೇರಿತು. ಅದನ್ನು 2008ರಲ್ಲಿ ಟಾಮ್‌ಟಾಮ್ ಕೊಂಡಿತು. ಪೆಟ್ಟಿಗೆ ಗುಜರಿಗೆ ಹೋದರೂ ನಕ್ಷೆಯ ವ್ಯಾಪಾರ ನಿಲ್ಲಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಆಕಾಶದ ಗಡಿಯಾರಗಳು

ಅಮೆರಿಕದ ಸೇನೆ ತನ್ನ ಬಳಕೆಗೆಂದು 1973ರಲ್ಲಿ ಜಿಪಿಎಸ್ ಯೋಜನೆಯನ್ನು ಕೈಗೆತ್ತಿಕೊಂಡಿತು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಒಂದೇ ಸಮನೆ ಗಂಟೆ ಸಾರುತ್ತಿರುತ್ತವೆ. ಪ್ರತಿಯೊಂದರ ಸಂಕೇತವೂ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕಹಾಕಿ ನಮ್ಮ ಯಂತ್ರ ದೂರವನ್ನು ಅಳೆಯುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಎಲ್ಲಿದ್ದೇವೆ ಎಂದು ಹೇಳಬಹುದು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸ! ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇಟ್ಟಿರುತ್ತಾರೆ.

ಇದು ಜನಸಾಮಾನ್ಯರ ಕೈಗೆ ಬರುವುದರ ಹಿಂದೆ ಒಂದು ದುರಂತವಿದೆ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರಿಗೂ ಮುಕ್ತವಾಗಿರುತ್ತದೆ ಎಂದು ಅಮೆರಿಕದ ಅಧ್ಯಕ್ಷ ರೇಗನ್ ಆಗ ಘೋಷಿಸಿದರು. 1990ರಲ್ಲಿ ಜಪಾನಿನ ಮಾಜ್ದಾ ಕಂಪನಿ ತನ್ನ ಯೂನೋಸ್ ಕಾಸ್ಮೋ ಕಾರಿನಲ್ಲಿ ಉಪಗ್ರಹ ಆಧಾರಿತ ನಕ್ಷೆಯನ್ನು ಕಾರಿನ ಭಾಗವಾಗಿಯೇ ಅಳವಡಿಸಿತು. ಆದರೆ ನಾಗರಿಕರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿಡುತ್ತಿತ್ತು. ಸುಮಾರು 100 ಮೀಟರ್ ಅತ್ತಿತ್ತ ಆಗುತ್ತಿತ್ತು. ಚಿಕ್ಕಪೇಟೆಯಂಥ ಕಡೆ 100 ಮೀಟರ್ ಎಂದರೆ ಮೂರು ಗಲ್ಲಿ ಆಚೆ. ಈ ನಿರ್ಬಂಧ 2000ದ ಮೇ ತಿಂಗಳಲ್ಲಿ ಹೋಯಿತು.

ಪರರ ಗಡಿಯಾರವನ್ನೇ ಎಷ್ಟು ದಿನ ನೆಚ್ಚಿಕೊಂಡಿರುವುದು? ಭಾರತ 2013 ಮತ್ತು 2016ರ ನಡುವೆ ಏಳು ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ಎಂಬ ತನ್ನದೇ ವ್ಯವಸ್ಥೆ ಕಟ್ಟಿತು. ಅದರ ಸಂಚಾಲನೆಯ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವ ಕೇಂದ್ರಗಳಲ್ಲೊಂದು ನಮ್ಮ ಹಾಸನದಲ್ಲಿದೆ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟು ತೊಂದರೆಯಾದದ್ದೂ ಉಂಟು.

ಇಷ್ಟೆಲ್ಲ ಆದ ಮೇಲೆ, ‘ಎಲ್ಲಿದ್ದೇವೆ’ ಎಂದು ಹೇಳುವ ಈ ಸಾಮರ್ಥ್ಯ ಈಗ ಜೇಬಿನ ಮೊಬೈಲಿನಲ್ಲೇ ಇದೆ. ಒಂದು ಕಾಲದಲ್ಲಿ ಅತ್ಯಂತ ದುಬಾರಿಯಾಗಿದ್ದ ಸರಕು ಹೆಚ್ಚುಕಡಿಮೆ ಪುಕ್ಕಟೆಯಾಗಿದೆ. ಉಳಿದದ್ದು ಎರಡನೆಯ ಸರಕು.

ನಕ್ಷೆಗೆ ವಯಸ್ಸಾಗುತ್ತದೆ

ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆದ. ಎರಡು ವರ್ಷದ ಬಳಿಕ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದ. ಆಗ ಗುರುತಿಸಿದ ಬೆಟ್ಟಗಳು ಇಂದಿಗೂ ಅಲ್ಲೇ ಇವೆ. ರಸ್ತೆ ಹಾಗಲ್ಲ. ನಿನ್ನೆ ಎರಡೂ ಕಡೆ ಓಡಾಟವಿದ್ದ ಬೀದಿ ಇಂದು ಒಮ್ಮುಖ. ಮಳೆಗಾಲದಲ್ಲಿ ಗುಡ್ಡ ಜರಿದರೆ ಶಿರಾಡಿ ಘಾಟಿ ಬಂದ್. ಇದನ್ನೆಲ್ಲ ಹಿಂಬಾಲಿಸಬೇಕಾದರೆ ಜನ ರಸ್ತೆಯ ಮೇಲೆ ಓಡಾಡುತ್ತಲೇ ಇರಬೇಕು. ನಮ್ಮ ದೇಶದಲ್ಲಿ ನಕ್ಷೆ ತಯಾರಿಸಲು ಬಹುಕಾಲ ಬಿಗಿಯಾದ ಸರ್ಕಾರಿ ಕಟ್ಟಳೆಗಳಿದ್ದವು. 2021ರ ಫೆಬ್ರುವರಿಯಲ್ಲಷ್ಟೇ ಕೇಂದ್ರ ಸರ್ಕಾರ ಅವನ್ನು ಬಹುಮಟ್ಟಿಗೆ ಸಡಿಲಿಸಿತು.

ನಕ್ಷೆಗೆ ಎಷ್ಟು ಬೆಲೆ ಎಂಬುದನ್ನು ನೋಕಿಯಾ ಕಂಪನಿಯ ಕಥೆಯಿಂದ ತಿಳಿಯಬಹುದು. 2007ರಲ್ಲಿ ಅದು ನ್ಯಾವ್‌ಟೆಕ್ ಎಂಬ ನಕ್ಷೆ ಕಂಪನಿಯನ್ನು 810 ಕೋಟಿ ಡಾಲರಿಗೆ ಕೊಳ್ಳಲು ಮುಂದಾಯಿತು. 2009ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿ, ತಿರುವು ತಿರುವಿಗೂ ದಾರಿ ಹೇಳುವ ಸೇವೆಯನ್ನು ಅಮೆರಿಕದ ಮೊಬೈಲುಗಳಲ್ಲಿ ಉಚಿತವಾಗಿ ಕೊಡತೊಡಗಿತು. 2015ರಲ್ಲಿ ನೋಕಿಯಾ ತನ್ನ ನಕ್ಷೆ ವ್ಯವಹಾರವನ್ನು 280 ಕೋಟಿ ಯೂರೋಗೆ ಮಾರಬೇಕಾಯಿತು. ಕೊಂಡವರು ಯಾರು? ಆಡಿ, ಬಿಎಂಡಬ್ಲ್ಯು ಮತ್ತು ಡೈಮ್ಲರ್ ಎಂಬ ಮೂರು ಜರ್ಮನ್ ಕಾರು ಕಂಪನಿಗಳು. ದಾರಿ ತೋರುವ ಕೆಲಸ ಪೂರ್ತಿಯಾಗಿ ಮೊಬೈಲಿನವರ ಕೈಗೆ ಹೋಗಬಾರದು ಎಂಬ ದಿಗಿಲು ಕಾರು ತಯಾರಕರಿಗೂ ಇತ್ತೆಂದು ಇದರಿಂದ ಊಹಿಸಬಹುದು.

ಹಾಗೆಂದು ಮೊಬೈಲಿನ ನಕ್ಷೆ ವೇದವಾಕ್ಯವಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಯ ಪಾತ್ರಕ್ಕೆ ಬಿದ್ದು ಮೂವರು ಸತ್ತರು. ನಕ್ಷೆ ತೋರಿದ ದಾರಿ ಹಿಡಿದು ಅವರು ಹೊರಟಿದ್ದರೆಂದು ವರದಿಯಾಯಿತು. ಸೇತುವೆ ಮುರಿದಿದೆ ಎಂದು ನಕ್ಷೆಗೆ ಯಾರೂ ಹೇಳಿರಲಿಲ್ಲ, ರಸ್ತೆಗೆ ಭದ್ರವಾದ ಅಡ್ಡಗಟ್ಟೆಯನ್ನೂ ಹಾಕಿರಲಿಲ್ಲ.

ತೂಗಿ ನೋಡಿದಾಗ

ಕಾರಿನೊಳಗಿನ ಸಾಧನಕ್ಕೆ ಅದರದೇ ಆದ ಹೆಚ್ಚುಗಾರಿಕೆ ಇಲ್ಲದಿಲ್ಲ. ಅದರ ಆಂಟೆನಾ ಸಾಮಾನ್ಯವಾಗಿ ಕಾರಿನ ಮೈಯಲ್ಲೇ ಒಳ್ಳೆಯ ಜಾಗದಲ್ಲಿ ಕೂತಿರುತ್ತದೆ. ಚಕ್ರದ ಸುತ್ತು, ಗೈರೋಸ್ಕೋಪುಗಳ ಲೆಕ್ಕ ಇರುವುದರಿಂದ ಸುರಂಗದಲ್ಲೂ ಬಾಣ ಮುಂದೆ ಸಾಗುತ್ತದೆ. 1981ರ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬರುವುದು. ನಕ್ಷೆ ಒಳಗೇ ಇದ್ದರೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ಬಿಸಿಲಿಗೆ ಫೋನು ಕಾದು ಆರಿಹೋಗುವ ರಗಳೆ ಇಲ್ಲ. ವಿದ್ಯುತ್ ಕಾರುಗಳಲ್ಲಂತೂ ಇದರ ಪ್ರಯೋಜನ ಇನ್ನೂ ಹೆಚ್ಚು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಮುಂದೆ ಎಲ್ಲಿ ಚಾರ್ಜ್ ಮಾಡಬೇಕು ಎಂದು ಕಾರಿಗೆ ಗೊತ್ತಿರುವಷ್ಟು ಚೆನ್ನಾಗಿ ಫೋನಿಗೆ ಗೊತ್ತಿರುವುದಿಲ್ಲ.

ತೊಡಕಿರುವುದು ನಕ್ಷೆಯಲ್ಲಿ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಡಿ.ವಿ.ಡಿ. ಬಂತು, ಮೆಮೊರಿ ಕಾರ್ಡು ಬಂತು, ಈಗ ವರ್ಷದ ಚಂದಾ. ರೂಪ ಬದಲಾದರೂ ಹೊಸ ನಕ್ಷೆಗೆ ಹೊಸ ಹಣ ಎಂಬ ಪದ್ಧತಿ ಹಲವು ಕಡೆ ಬದಲಾಗಿಲ್ಲ. ಕಾರಿನಲ್ಲೇ ಸಿಮ್ ಇಟ್ಟು ತಾನಾಗಿ ನಕ್ಷೆ ಹೊಸದಾಗಿಸಿಕೊಳ್ಳುವ ವ್ಯವಸ್ಥೆಗೂ ಆಯುಸ್ಸಿದೆ. ಅಮೆರಿಕದ ದೂರವಾಣಿ ಕಂಪನಿಗಳು 2022ರಲ್ಲಿ 3ಜಿ ಜಾಲ ಮುಚ್ಚಿದಾಗ, ಸುಸ್ಥಿತಿಯಲ್ಲಿದ್ದ ಎಷ್ಟೋ ಕಾರುಗಳು ಹೊರಜಗತ್ತಿನ ಸಂಪರ್ಕ ಕಳೆದುಕೊಂಡವು.

ಇವೆರಡರ ನಡುವೆ ಮೂರನೆಯ ದಾರಿಯೂ ತೆರೆದುಕೊಂಡಿದೆ. 2014ರಲ್ಲಿ ಆಪಲ್ ಕಾರ್‌ಪ್ಲೇ, ಮರುವರ್ಷ ಆಂಡ್ರಾಯ್ಡ್ ಆಟೋ ಬಂದ ಮೇಲೆ ಫೋನಿನ ನಕ್ಷೆಯನ್ನು ಕಾರಿನ ಪರದೆಯ ಮೇಲೆ ಕಾಣಬಹುದಾಯಿತು. ಪರದೆ ಕಾರಿನದು, ನಕ್ಷೆ ಫೋನಿನದು. ಸಿಗ್ನಲ್ ಸಿಗದ ಪ್ರದೇಶದ ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಟ್ಟುಕೊಳ್ಳಲೂ ಬರುತ್ತದೆ.

ಆದ್ದರಿಂದ ಮಳಿಗೆಗೆ ಹೋದಾಗ ಪರದೆ ಎಷ್ಟು ಅಗಲ ಎಂದು ಕೇಳುವ ಬದಲು ಬೇರೆ ನಾಲ್ಕು ಮಾತು ಕೇಳುವುದು ಒಳ್ಳೆಯದು. ನಕ್ಷೆ ಯಾವ ವರ್ಷದ್ದು? ಎಷ್ಟು ವರ್ಷ ಉಚಿತವಾಗಿ ಹೊಸದಾಗುತ್ತದೆ, ಆಮೇಲೆ ವರ್ಷಕ್ಕೆಷ್ಟು? ಚಂದಾ ನಿಲ್ಲಿಸಿದರೆ ನಕ್ಷೆ ಉಳಿಯುತ್ತದೆಯೆ, ಇಲ್ಲಾ ಪರದೆಯೇ ಖಾಲಿಯೆ? ಫೋನಿನ ನಕ್ಷೆಯನ್ನು ಇದೇ ಪರದೆಗೆ ತರಬಹುದೆ? ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳಿ ಬರುವುದಕ್ಕಿಂತ ಬರೆಸಿಕೊಂಡು ಬರುವುದು ಲೇಸು. ನಕ್ಷೆಯನ್ನು ಬಿಡಿಯಾಗಿ ಮಾರದೆ ಸನ್‌ರೂಫು, ಅಲಾಯ್ ಚಕ್ರಗಳ ಜೊತೆ ಗಂಟುಕಟ್ಟಿ ಮಾರುವುದೇ ಹೆಚ್ಚಾದ್ದರಿಂದ, ಕೆಳಗಿನ ಮಾದರಿಗೂ ಮೇಲಿನದಕ್ಕೂ ಬೆಲೆಯಲ್ಲಿ ಎಷ್ಟು ಅಂತರ, ಅದರಲ್ಲಿ ನಮಗೆ ನಿಜವಾಗಿ ಬೇಕಾದದ್ದು ಎಷ್ಟು ಎಂದೂ ಲೆಕ್ಕ ಹಾಕಬೇಕು.

ವಿದ್ಯುತ್ ಕಾರು ಕೊಳ್ಳುವವರು, ಸಿಗ್ನಲ್ ಇಲ್ಲದ ಮಲೆನಾಡಿನ ಒಳದಾರಿಗಳಲ್ಲಿ ದಿನವೂ ಓಡಾಡುವವರು, ದೂರದೂರಿಗೆ ಆಗಾಗ ಒಬ್ಬರೇ ಹೋಗುವವರು, ನಕ್ಷೆ ಹಲವು ವರ್ಷ ಉಚಿತವಾಗಿ ಹೊಸದಾಗುತ್ತದೆ ಎಂಬುದು ಖಾತ್ರಿಯಾದರೆ, ಒಳಗೇ ಅಳವಡಿಸಿದ್ದನ್ನು ಕೊಂಡರೆ ನಷ್ಟವಿಲ್ಲ. ಮನೆ, ಕಚೇರಿ, ವರ್ಷಕ್ಕೆರಡು ಪ್ರವಾಸ ಎನ್ನುವವರಿಗೆ ಫೋನನ್ನು ಜೋಡಿಸಿಕೊಳ್ಳುವ ಒಳ್ಳೆಯ ಪರದೆಯಷ್ಟೇ ಸಾಕು.

ಮಾವನಿಗೆ ಇಷ್ಟನ್ನೂ ವಿವರಿಸಿದೆ. ಮೈಸೂರು–ಬೆಂಗಳೂರು ಬಿಟ್ಟರೆ ಮಗಳ ಮನೆಯೆಂದು ವರ್ಷಕ್ಕೆರಡು ಸಲ ಮಂಗಳೂರಿಗೆ ಹೋಗುವವರು ಅವರು. ನಡುವಿನ ಮಾದರಿಯನ್ನೇ ಬುಕ್ ಮಾಡಿದರು. ‘ಅದು ಸರಿ, ಮಳೆಗಾಲದಲ್ಲಿ ಶಿರಾಡಿ ಬಿಟ್ಟಿದ್ದಾರೋ ಇಲ್ಲವೋ ಅಂತ ನಿನ್ನ ಫೋನು ಹೇಳುತ್ತೇನೋ?’ ಎಂದರು. ಕೆಲವೊಮ್ಮೆ ಹೇಳುತ್ತದೆ, ಕೆಲವೊಮ್ಮೆ ತಡವಾಗಿ ಹೇಳುತ್ತದೆ ಎಂದೆ. ‘ಹಾಗಾದರೆ ಸಕಲೇಶಪುರದ ಚಹಾದಂಗಡಿಯಲ್ಲಿ ನಿಲ್ಲಿಸಿ ಕೇಳೋದೇ ಸೈ’ ಎಂದು ಅತ್ತೆ ತೀರ್ಪಿತ್ತರು. ಅಲ್ಲಿನ ಸುದ್ದಿ ಅಂದಂದಿನದು; ಚಂದಾ ಒಂದು ಲೋಟ ಚಹಾ.