ಮನೆ ಉಂಟು, ಕಾಗದ ಇಲ್ಲ: ಚಂದ್ರಂಪಳ್ಳಿ ಸೀಮೆಯ ತಾಂಡಾಗಳು ಹೇಳುವ ಪಾಠ

‘94ಸಿ ಆಯ್ತಾ?’, ‘ನೈನ್ ಇಲೆವೆನ್ ಸಿಕ್ಕಿತಾ?’, ‘ಐದು ಸೆಂಟ್ಸ್‌ನ ಹಕ್ಕುಪತ್ರ ಬಂತಾ?’ ನಮ್ಮ ಕರಾವಳಿಯಲ್ಲಿ ಈ ಮಾತು ಬಾರದ ಮನೆ ಕಡಿಮೆ. ಗೋಡೆ ಎಬ್ಬಿಸಿ ಹಂಚು ಹೊದಿಸಿದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ, ಕಪಾಟಿನೊಳಗೆ ಜೋಪಾನವಾಗಿ ಇಟ್ಟ ಕಾಗದವೂ ಬೇಕು ಎನ್ನುವುದು ತಾಲೂಕು ಕಚೇರಿಗೆ ನಡೆದು ಚಪ್ಪಲಿ ಸವೆಸಿದವರಿಗೆ ಚೆನ್ನಾಗಿ ಗೊತ್ತು.

ಆ ಕಾಗದವಿಲ್ಲದೆಯೇ ತಲೆಮಾರುಗಳನ್ನು ಕಳೆದ ಊರುಗಳು ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಲಂಬಾಣಿ ತಾಂಡಾಗಳ ಕತೆ ಅದು. ವಸತಿ ಒಂದು ಮಾನವ ಹಕ್ಕು ಎಂದು ಭಾಷಣದಲ್ಲಿ ಹೇಳುವುದು ಸುಲಭ. ಅದರ ನಿಜವಾದ ಅರ್ಥ ತಿಳಿಯಬೇಕಾದರೆ ಈ ತಾಂಡಾಗಳ ಕಡೆ ನೋಡಬೇಕು.

ಈ ಸೀಮೆಯ ಒಂದು ವಿಪರ್ಯಾಸ ನೋಡಿ. ವಾಡಿ, ಸೇಡಂ, ಮಳಖೇಡದಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದ್ ಕಲ್ಲು ಎಂದರೆ ನೆಲಹಾಸಿಗೆ ನಾಡಿನಲ್ಲೆಲ್ಲ ಹೆಸರುವಾಸಿ. ಊರೂರಿನ ಮನೆಗಳಿಗೆ ಸಿಮೆಂಟ್ ಮತ್ತು ಕಲ್ಲು ಕೊಡುವ ಮಣ್ಣು ಇದು. ಅದೇ ಮಣ್ಣಿನಲ್ಲಿ ಕೂಲಿ ಮಾಡುವ ಎಷ್ಟೋ ಕುಟುಂಬಗಳಿಗೆ ತಾವು ಮಲಗುವ ಜಾಗ ತಮ್ಮದು ಎಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಕಾರಣ ಸರಳ. ತಾಂಡಾಗಳು ಹುಟ್ಟಿದ್ದು ಮೂಲ ಗ್ರಾಮದಿಂದ ಹೊರಗೆ. ಕೆಲವು ಇನ್ನೊಬ್ಬರ ಪಟ್ಟಾ ಜಮೀನಿನಲ್ಲಿ, ಕೆಲವು ಸರಕಾರಿ ಜಾಗದಲ್ಲಿ, ಕೆಲವು ಕಾಡಿನ ಅಂಚಿನಲ್ಲಿ. ಊರು ಬೆಳೆಯಿತು, ಶಾಲೆ ಬಂತು, ಕರೆಂಟ್ ಬಂತು, ಮತದಾರರ ಪಟ್ಟಿಯಲ್ಲಿ ಹೆಸರೂ ಸೇರಿತು. ಕಂದಾಯ ದಾಖಲೆಯಲ್ಲಿ ಮಾತ್ರ ಅಲ್ಲಿ ಊರೇ ಇಲ್ಲ, ಬರೀ ಒಂದು ಸರ್ವೆ ನಂಬರ್! ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸರಕಾರದ ವಸತಿ ಯೋಜನೆಗೆ ಅರ್ಜಿ ಹಾಕಿದರೆ ‘ನಿವೇಶನದ ದಾಖಲೆ ಎಲ್ಲಿ?’ ಎಂಬ ಪ್ರಶ್ನೆ. ಮನೆ ಯಾರಿಗೆ ಅತಿ ಅಗತ್ಯವೋ ಅವರೇ ಯೋಜನೆಯ ಬಾಗಿಲಲ್ಲಿ ಹೊರಗುಳಿಯುತ್ತಾರೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ. 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿದ್ದು, ಡಿಕ್ಲರೇಷನ್ ಕೊಟ್ಟದ್ದು ನಮ್ಮ ಹಿರಿಯರಿಗೆ ನೆನಪಿದೆ. ಅದೇ ಕಾಯ್ದೆಗೆ 2017ರಲ್ಲಿ 38ಎ ಎಂಬ ಕಲಂ ಸೇರಿತು. ದಾಖಲೆಯಿಲ್ಲದ ಜನವಸತಿಗಳಲ್ಲಿ ಖಾಸಗಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡು ಬದುಕುತ್ತಿದ್ದವರಿಗೆ ಆ ಮನೆಯಡಿಯ ಜಾಗದ ಒಡೆತನ ಕೊಡುವುದು ಅದರ ಉದ್ದೇಶ. ‘ವಾಸಿಸುವವನೇ ನೆಲದೊಡೆಯ’ ಎಂಬ ಘೋಷಣೆ ಹುಟ್ಟಿದ್ದು ಆಗಲೇ.

2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಹಕ್ಕುಪತ್ರ ವಿತರಣೆಗೆ ಬಂದಿದ್ದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಎಂದು ಸರಕಾರ ಹೇಳಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯದ ಈಗಿನ ಸರಕಾರ 1,11,111 ಹಕ್ಕುಪತ್ರಗಳ ಲೆಕ್ಕ ಕೊಟ್ಟಿತು. ಕಾನೂನು ತಂದದ್ದು ನಾವು, ಹಂಚಿದ್ದು ನಾವು ಎಂದು ಪಕ್ಷಗಳು ಜಗಳಾಡಲಿ. ಒಂದು ಸಂಗತಿಯನ್ನು ಮಾತ್ರ ಎರಡೂ ಕಡೆಯವರು ಒಪ್ಪಿದಂತಾಯಿತು: ಇಷ್ಟು ವರ್ಷ ಅಲ್ಲಿದ್ದ ಜನರಿಗೆ ಸಲ್ಲಬೇಕಾದದ್ದು ಸಂದಿರಲಿಲ್ಲ.

ಆದರೆ ಚಂದ್ರಂಪಳ್ಳಿಯ ಕಡೆಗೆ ಹೋದರೆ ವಿಷಯ ಇಷ್ಟು ಸಲೀಸಲ್ಲ. ಚಿಂಚೋಳಿ ತಾಲೂಕಿನ ಈ ಜಲಾಶಯದ ಸುತ್ತ ಗುಡ್ಡ, ಕಾಡು. 2011ರಲ್ಲಿ ಈ ಕಾಡು ಚಿಂಚೋಳಿ ವನ್ಯಜೀವಿ ಧಾಮವಾಯಿತು. ಕಾಡಿನೊಳಗಿನ, ಅಂಚಿನ ತಾಂಡಾಗಳಿಗೆ ಕಂದಾಯ ಇಲಾಖೆಯ ಹಕ್ಕುಪತ್ರದ ದಾರಿ ನೇರವಾಗಿ ತೆರೆಯುವುದಿಲ್ಲ. ಅಲ್ಲಿ ನಡೆಯುವುದು 2006ರ ಅರಣ್ಯ ಹಕ್ಕು ಕಾಯ್ದೆ.

ಆ ಕಾಯ್ದೆಯಲ್ಲಿ ಒಂದು ಗಂಟಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಆ ಜಾಗದಲ್ಲಿದ್ದರೆ ಸಾಕು. ಉಳಿದವರಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದದ್ದನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯವರು. ಪಕ್ಕದ ತೆಲಂಗಾಣದಲ್ಲಿ ಅದೇ ಸಮುದಾಯ ಪರಿಶಿಷ್ಟ ಪಂಗಡ. ಚಿಂಚೋಳಿಯ ಗಡಿ ದಾಟಿದರೆ ತೆಲಂಗಾಣ. ಹೀಗಾಗಿ ಗಡಿಯ ಆಚೆಗಿರುವ ಅಣ್ಣನಿಗೆ ಒಂದು ನಿಯಮ, ಈಚೆಗಿರುವ ತಮ್ಮನಿಗೆ ಇನ್ನೊಂದು! ಈಚೆಯ ತಮ್ಮ 1930ರ ಹೊತ್ತಿನ ವಾಸಕ್ಕೆ ಪುರಾವೆ ಹುಡುಕಬೇಕು. ಆಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ದಾಖಲೆಯೇ ಇಲ್ಲದ ತಾಂಡಾದ ಕೂಲಿಯಾಳು ಆ ಕಾಲದ ಯಾವ ಕಾಗದ ತಂದಾನು?

ಇದಕ್ಕೆ ಕಾಯ್ದೆಯ ನಿಯಮಗಳಲ್ಲೇ ಒಂದು ಬಾಗಿಲಿದೆ. ಊರಿನ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ಪೂಜಾಸ್ಥಳ ಇವೆಲ್ಲವನ್ನೂ ಪುರಾವೆಯಾಗಿ ಕೊಡಬಹುದು. ಹಕ್ಕಿನ ಅರ್ಜಿಗಳ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸಬಾರದು ಎಂದು 4ನೇ ಕಲಂನ 5ನೇ ಉಪಕಲಂ ಹೇಳುತ್ತದೆ. ಕಾಡು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡು ಉಳಿಸುವ ಭಾರವನ್ನೆಲ್ಲ ಅತ್ಯಂತ ಬಡವನ ಗುಡಿಸಲಿನ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ಜನರನ್ನು ಬೇರೆಡೆಗೆ ಕಳಿಸಲೇಬೇಕಾದರೆ ಅವರ ಒಪ್ಪಿಗೆ ಬೇಕು. ಹೋಗುವ ಜಾಗದಲ್ಲಿ ಮನೆ, ನೀರು, ಕೆಲಸ ಮೊದಲೇ ಸಿದ್ಧವಿರಬೇಕು.

ಇದು ದಯೆಯ ಮಾತಲ್ಲ, ಕಾನೂನಿನ ಮಾತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೇ ವಿಧಿ ಅನ್ನ, ಬಟ್ಟೆಯ ಜೊತೆಗೆ ವಸತಿಯನ್ನೂ ಹೆಸರಿಸಿದೆ. ವಸತಿ ಹಕ್ಕನ್ನು ಒಳಗೊಂಡ ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1979ರಲ್ಲಿ ಒಪ್ಪಿಕೊಂಡಿದೆ. ವಿಶ್ವಸಂಸ್ಥೆಯ ಸಮಿತಿ 1991ರಲ್ಲಿ ಯೋಗ್ಯ ವಸತಿಗೆ ಏಳು ಲಕ್ಷಣ ಹೇಳಿತು. ಅದರಲ್ಲಿ ಮೊದಲನೆಯದು, ಯಾರೂ ಬಂದು ಎಬ್ಬಿಸಲಾರರು ಎಂಬ ಭದ್ರತೆ.

ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ದಾರಿಯಲ್ಲಿ ನಡೆದಿದೆ. ಮುಂಬೈಯ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, 1985ರಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. 1995ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸೂರು ಎಂದರೆ ತಲೆಯ ಮೇಲಿನ ಮಾಡು ಮಾತ್ರವಲ್ಲ, ಗಾಳಿ, ಬೆಳಕು, ನೀರು, ಕರೆಂಟ್, ಶೌಚಾಲಯ, ರಸ್ತೆ ಎಲ್ಲವೂ ಸೇರಿದ್ದು ಎಂದು ವಿವರಿಸಿತು. ಬುಲ್ಡೋಜರ್ ಪ್ರಕರಣದಲ್ಲಿ 2024ರ ನವೆಂಬರ್ 13ರಂದು ಬಂದ ತೀರ್ಪು, 15 ದಿನಗಳ ನೋಟಿಸ್ ಕೊಡದೆ, ಮನೆಯವರ ಮಾತು ಕೇಳದೆ ಮನೆ ಕೆಡವುವಂತಿಲ್ಲ ಎಂದಿದೆ. ಒಬ್ಬನ ಮೇಲೆ ಅಪರಾಧದ ಆರೋಪ ಬಂತೆಂದು ಇಡೀ ಕುಟುಂಬದ ಸೂರು ಕಿತ್ತುಕೊಳ್ಳಲಾಗದು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ, ಹೊಳೆ ಬದಿಯಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಕಾಗದದ ಬೆಲೆ ಏನು ಎಂಬುದು ಇಲ್ಲಿ ಮತ್ತೆ ಗೊತ್ತಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ನಮ್ಮ ಮನೆಯ ಕಾಗದ ನೋಡಿಕೊಳ್ಳೋಣ. ಹಕ್ಕುಪತ್ರ ಕೈಗೆ ಬಂದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಅದು ನೋಂದಣಿಯಾಗಿದೆಯೇ, ಪಂಚಾಯತ್‌ನ ಖಾತೆಗೆ ಏರಿದೆಯೇ, ಸರ್ವೆ ನಂಬರ್ ಮತ್ತು ಅಳತೆ ಸರಿ ಇದೆಯೇ ಎಂದು ಪರಿಶೀಲಿಸಬೇಕು. ಗಂಡ ಊರಲ್ಲಿಲ್ಲದ, ಗಲ್ಫ್‌ನಲ್ಲಿ ದುಡಿಯುವ ಮನೆಗಳಲ್ಲಿ ಹೆಂಗಸರಿಗೆ ಆ ಕಾಗದ ಎಲ್ಲಿದೆ, ಅದರಲ್ಲಿ ಏನಿದೆ ಎಂದು ತಿಳಿದಿರಲಿ. ಸಾಧ್ಯವಾದಲ್ಲಿ ಅವರ ಹೆಸರೂ ಅದರಲ್ಲಿರಲಿ. ಮೊಹಲ್ಲಾದ ಓದಿದ ಹುಡುಗ ಹುಡುಗಿಯರು ವಾರಕ್ಕೊಂದು ಗಂಟೆ ಕುಳಿತು, ಅಕ್ಕಪಕ್ಕದ ಬಡವರು ಯಾವ ಜಾತಿ ಧರ್ಮದವರೇ ಆಗಲಿ, ಅವರ ಅರ್ಜಿ ಬರೆದುಕೊಟ್ಟರೆ ಒಂದು ಕುಟುಂಬದ ಬದುಕೇ ಬದಲಾದೀತು.

ಜೊತೆಗೆ ಇನ್ನೊಂದನ್ನೂ ಮರೆಯದಿರೋಣ. 1974ರ ಕಾನೂನು ನಮ್ಮ ಎಷ್ಟೋ ಗೇಣಿದಾರ ಕುಟುಂಬಗಳನ್ನು ಕಾಲ ಮೇಲೆ ನಿಲ್ಲಿಸಿತು. ಅದು ತಾನಾಗಿ ಬಂದದ್ದಲ್ಲ, ಕಾಗೋಡಿನಿಂದ ಹಿಡಿದು ಊರೂರಿನ ರೈತರು ಹೋರಾಡಿದ್ದರಿಂದ ಬಂದದ್ದು. ಚಂದ್ರಂಪಳ್ಳಿಯ ಕಾಡಂಚಿನ ತಾಂಡಾದವರು ಇವತ್ತು ಕೇಳುತ್ತಿರುವುದೂ ಅಂಥದ್ದೇ: ರಾತ್ರಿ ಮಲಗಿದವರು ಬೆಳಗ್ಗೆ ಅದೇ ಮನೆಯಲ್ಲಿ ಏಳುತ್ತೇವೆ ಎಂಬ ಭರವಸೆ. ಆ ಭರವಸೆ ಸಿಕ್ಕಿದವರು, ಸಿಗದವರ ಪರವಾಗಿ ಒಂದು ಮಾತಾದರೂ ಆಡಬೇಕು.